ಗಂಟಲು ಕ್ಯಾನ್ಸರ್: ವಿಕಿರಣ ತಗ್ಗಿಸುವುದೆಂದರೆ ಏನನ್ನು ತಗ್ಗಿಸುವುದು?

ಗಂಟಲು ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಎಂದು ತೀರ್ಮಾನವಾದ ಮೇಲೆ ರೋಗಿ ಮತ್ತು ಮನೆಯವರು ಮೊದಲು ಕೇಳುವುದು ಕಾಯಿಲೆ ವಾಸಿಯಾಗುತ್ತದೆಯೇ ಎಂದು. ಎರಡನೆಯ ಪ್ರಶ್ನೆ ಸ್ವಲ್ಪ ತಡವಾಗಿ, ಹಿಂಜರಿಕೆಯೊಂದಿಗೆ ಬರುತ್ತದೆ: ಇಷ್ಟೊಂದು ವಿಕಿರಣ ಕೊಡಲೇಬೇಕೇ, ಅಡ್ಡಪರಿಣಾಮ ಕಡಿಮೆಯಾಗುವಂತೆ ಇದನ್ನು ತಗ್ಗಿಸಲು ಬರುವುದಿಲ್ಲವೇ? ಹಿಂಜರಿಯಬೇಕಾದ ಕಾರಣವೇನೂ ಇಲ್ಲ, ಏಕೆಂದರೆ ಈ ಕ್ಷೇತ್ರದ ತಜ್ಞರೂ ಸುಮಾರು ಹದಿನೈದು ವರ್ಷಗಳಿಂದ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಆದರೆ 'ತಗ್ಗಿಸುವುದು' ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಕೆಲಸಗಳು ಅಡಗಿವೆ. ವಿಕಿರಣದ ಒಟ್ಟು ಪ್ರಮಾಣವನ್ನು ಇಳಿಸಬಹುದು, ಜೊತೆಗೆ ಕೊಡುವ ಕಿಮೋ ಔಷಧಿಯನ್ನು ಬದಲಿಸಬಹುದು ಅಥವಾ ಬಿಡಬಹುದು, ಮೊದಲು ಶಸ್ತ್ರಚಿಕಿತ್ಸೆ ಮಾಡಿ ಆಮೇಲೆ ಕಡಿಮೆ ವಿಕಿರಣ ಕೊಡಬಹುದು, ಇಲ್ಲವೇ ಗೆಡ್ಡೆಗೆ ಕೊಡುವ ಪ್ರಮಾಣವನ್ನು ಮುಟ್ಟದೆ ವಿಕಿರಣ ಬೀಳುವ ಜಾಗವನ್ನಷ್ಟೇ ಕಿರಿದುಗೊಳಿಸಬಹುದು. ಈ ನಾಲ್ಕರ ಫಲವೂ ಒಂದೇ ಅಲ್ಲ, ಅಪಾಯವೂ ಒಂದೇ ಅಲ್ಲ. ಆಸ್ಪತ್ರೆಯಲ್ಲಿ 'ಕಡಿಮೆ ತೀವ್ರತೆಯ ಚಿಕಿತ್ಸೆ' ಎಂಬ ಮಾತು ಬಂದಾಗ ಅದು ಈ ನಾಲ್ಕರಲ್ಲಿ ಯಾವುದು ಎಂದು ಬಿಡಿಸಿ ಕೇಳದಿದ್ದರೆ, ಇಬ್ಬರೂ ಒಂದೇ ಪದ ಬಳಸುತ್ತ ಬೇರೆ ಬೇರೆ ಸಂಗತಿಗಳ ಬಗ್ಗೆ ಮಾತಾಡುತ್ತಿರುವ ಸಾಧ್ಯತೆ ಇದೆ.

ಹೋಲಿಕೆಗೆ ಒಂದು ಅಳತೆಗೋಲು ಬೇಕು. ಶಸ್ತ್ರಚಿಕಿತ್ಸೆ ಇಲ್ಲದೆ ವಿಕಿರಣದಿಂದಲೇ ಗುಣಪಡಿಸಲು ಹೊರಟಾಗ ರೂಢಿಯಲ್ಲಿರುವ ಕ್ರಮ 70 ಗ್ರೇ ವಿಕಿರಣ. ಗ್ರೇ ಎಂಬುದು ಅಂಗಾಂಶ ಹೀರಿಕೊಂಡ ವಿಕಿರಣದ ಅಳತೆ. ದಿನಕ್ಕೆ 2 ಗ್ರೇಯಂತೆ 35 ಕಂತುಗಳು, ಅಂದರೆ ಆಸ್ಪತ್ರೆಯವರು ಸಿಟ್ಟಿಂಗ್ ಎನ್ನುವ 35 ಸರದಿಗಳು, ಏಳು ವಾರಗಳಲ್ಲಿ ಮುಗಿಯುತ್ತವೆ. ಕಾಯಿಲೆ ಮುಂದುವರಿದಿದ್ದರೆ ಇದರೊಂದಿಗೆ ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧಿಯನ್ನು ಮೂರು ವಾರಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಕೊಡುತ್ತಾರೆ. ಮುಂದೆ ಹೇಳುವ ಎಲ್ಲ ಆಯ್ಕೆಗಳನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ಈ ಪ್ರಶ್ನೆ ಯಾರಿಗೆ ಅನ್ವಯಿಸುತ್ತದೆ

ಗಂಟಲು ಕ್ಯಾನ್ಸರ್ ಎಂದು ನಾವು ಒಟ್ಟಾಗಿ ಕರೆಯುವುದು ಕನಿಷ್ಠ ಮೂರು ಕಾಯಿಲೆಗಳನ್ನು. ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಹುಟ್ಟುವುದು ಒಂದು, ಧ್ವನಿಪೆಟ್ಟಿಗೆಯದು ಇನ್ನೊಂದು, ಅದರ ಹಿಂದೆ ಕೆಳಗಂಟಲಿನಲ್ಲಿ ಹುಟ್ಟುವುದು ಮತ್ತೊಂದು. ಪ್ರಮಾಣ ತಗ್ಗಿಸುವ ಪ್ರಯೋಗಗಳು ನಡೆದಿರುವುದು ಮುಖ್ಯವಾಗಿ ಮೊದಲನೆಯದರಲ್ಲಿ, ಅದರಲ್ಲೂ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನಿಂದ, ಅಂದರೆ ಎಚ್‌ಪಿವಿಯಿಂದ ಬಂದ ಗೆಡ್ಡೆಗಳಲ್ಲಿ. ಇದಕ್ಕೆ ಕಾರಣ 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ. ಒಂದೇ ಬಗೆಯ ಚಿಕಿತ್ಸೆ ಪಡೆದ ರೋಗಿಗಳಲ್ಲಿ ಮೂರು ವರ್ಷಗಳ ಹೊತ್ತಿಗೆ ಬದುಕಿದ್ದವರು ಎಚ್‌ಪಿವಿ ಇದ್ದ ಗುಂಪಿನಲ್ಲಿ ಶೇ. 82.4, ಇಲ್ಲದ ಗುಂಪಿನಲ್ಲಿ ಶೇ. 57.1. ವೈರಸ್‌ನಿಂದ ಬಂದ ಗೆಡ್ಡೆ ವಿಕಿರಣಕ್ಕೆ ಬೇಗ ಕರಗುತ್ತದೆ, ರೋಗಿಗಳ ವಯಸ್ಸೂ ಹೆಚ್ಚಾಗಿ ಕಡಿಮೆ ಇರುತ್ತದೆ. ಗುಣವಾದ ಮೇಲೆ ಅವರು ಇಪ್ಪತ್ತು ಮೂವತ್ತು ವರ್ಷ ಬಾಳುವವರು, ಆ ವರ್ಷಗಳನ್ನು ಒಣಗಿದ ಬಾಯಿ, ಬಿಗಿದ ಕುತ್ತಿಗೆಯೊಂದಿಗೆ ಕಳೆಯಬೇಕೇ ಎಂಬಲ್ಲಿಂದ ಇಡೀ ಚರ್ಚೆ ಆರಂಭವಾಯಿತು.

ಅದೇ ವಿಶ್ಲೇಷಣೆ ಇನ್ನೊಂದು ಗೆರೆಯನ್ನೂ ಎಳೆಯಿತು. ದಿನಕ್ಕೊಂದು ಪ್ಯಾಕ್‌ನಂತೆ ಹತ್ತು ವರ್ಷ ಸಿಗರೇಟು ಸೇದಿದ್ದಕ್ಕೆ ಸಮನಾದ ಲೆಕ್ಕವನ್ನು ಮೀರಿದವರಲ್ಲಿ, ಕತ್ತಿನ ಗಂಟುಗಳಿಗೂ, ಅಂದರೆ ದುಗ್ಧಗ್ರಂಥಿಗಳಿಗೂ, ರೋಗ ಹೆಚ್ಚು ಹರಡಿದ್ದರೆ, ಎಚ್‌ಪಿವಿ ಇದ್ದರೂ ಫಲಿತಾಂಶ ಅಷ್ಟು ಚೆನ್ನಾಗಿರಲಿಲ್ಲ. ಹೀಗಾಗಿ ತಗ್ಗಿಸುವ ಪ್ರಯೋಗಗಳಲ್ಲಿ ಹಲವು ಈ ಮಿತಿಯೊಳಗಿನವರನ್ನು ಮಾತ್ರ ಸೇರಿಸಿಕೊಂಡವು. ಹಿಂದೆ ಸೇದುತ್ತಿದ್ದುದನ್ನು ವೈದ್ಯರ ಮುಂದೆ ಸಂಕೋಚದಿಂದ ಅರ್ಧಕ್ಕಿಳಿಸಿ ಹೇಳುವವರಿದ್ದಾರೆ. ಇಲ್ಲಿ ಆ ಸಂಕೋಚ ನೇರವಾಗಿ ಚಿಕಿತ್ಸೆಯ ಆಯ್ಕೆಯನ್ನೇ ತಪ್ಪಿಸಬಹುದು.

ಪರೀಕ್ಷೆಯ ವರದಿಯನ್ನೂ ಎಚ್ಚರದಿಂದ ಓದಬೇಕು. ಬಯಾಪ್ಸಿ ವರದಿಯಲ್ಲಿ ಸಾಮಾನ್ಯವಾಗಿ 'ಪಿ16 ಪಾಸಿಟಿವ್' ಎಂದಿರುತ್ತದೆ. ಪಿ16 ಒಂದು ಪ್ರೋಟೀನ್, ಎಚ್‌ಪಿವಿಯ ಹೆಜ್ಜೆಗುರುತು, ವೈರಸ್ ಅಲ್ಲ. 2023ರಲ್ಲಿ ಪ್ರಕಟವಾದ, 7,654 ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿದ ಅಧ್ಯಯನದಲ್ಲಿ ಶೇ. 9.2ರಷ್ಟು ಮಂದಿಯಲ್ಲಿ ಪಿ16 ಒಂದು ಹೇಳಿದರೆ ವೈರಸ್ ಪರೀಕ್ಷೆ ಇನ್ನೊಂದು ಹೇಳಿತು. ಎರಡೂ ಪಾಸಿಟಿವ್ ಇದ್ದವರಲ್ಲಿ ಐದು ವರ್ಷ ಬದುಕಿದ್ದವರು ಶೇ. 81.1, ಪಿ16 ಪಾಸಿಟಿವ್ ಆಗಿದ್ದು ವೈರಸ್ ಸಿಗದವರಲ್ಲಿ ಶೇ. 54.7. ಪಿ16 ಒಂದನ್ನೇ ನಂಬಿ ವಿಕಿರಣ ತಗ್ಗಿಸಿದರೆ ಈ ಎರಡನೆಯ ಗುಂಪಿನವರಿಗೆ ಅನ್ಯಾಯವಾಗುತ್ತದೆ. ತಗ್ಗಿಸುವ ಮಾತು ಬಂದ ಕ್ಷಣ ಎಚ್‌ಪಿವಿಗೆ ಪ್ರತ್ಯೇಕ ಪರೀಕ್ಷೆ ಆಗಿದೆಯೇ ಎಂದು ಕೇಳುವುದು ಅತಿಯಾದ ಎಚ್ಚರಿಕೆಯೇನಲ್ಲ.

ವೈರಸ್ ಇಲ್ಲದ ಗೆಡ್ಡೆಗಳಲ್ಲಿ, ಧ್ವನಿಪೆಟ್ಟಿಗೆ ಮತ್ತು ಕೆಳಗಂಟಲಿನ ಕ್ಯಾನ್ಸರುಗಳಲ್ಲಿ, ಗೆಡ್ಡೆಗೆ ಕೊಡುವ ಪ್ರಮಾಣವನ್ನು ಇಳಿಸಲು ಆಧಾರವಿಲ್ಲ. ಅಲ್ಲಿ ಸಣ್ಣ ವ್ಯತ್ಯಾಸವೂ ಎಷ್ಟು ದುಬಾರಿ ಎಂಬುದಕ್ಕೆ ಜಪಾನಿನಲ್ಲಿ 180 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವನ್ನು ನೋಡಬಹುದು. ಸ್ವರತಂತುವಿನ ಆರಂಭಿಕ ಹಂತದ ಕ್ಯಾನ್ಸರಿಗೆ ದಿನಕ್ಕೆ 2.25 ಗ್ರೇ ಪಡೆದವರಲ್ಲಿ ಐದು ವರ್ಷಗಳ ಹೊತ್ತಿಗೆ ಶೇ. 92ರಷ್ಟು ಮಂದಿಗೆ ಆ ಜಾಗದಲ್ಲಿ ರೋಗ ಹತೋಟಿಯಲ್ಲಿತ್ತು. ದಿನಕ್ಕೆ 2 ಗ್ರೇಯಂತೆ ನಿಧಾನವಾಗಿ ಪಡೆದವರಲ್ಲಿ ಅದು ಶೇ. 77. ದಿನಕ್ಕೆ ಕಾಲು ಗ್ರೇಯ ಅಂತರ, ಕೆಲವು ದಿನ ಹೆಚ್ಚು ಎಳೆದ ಚಿಕಿತ್ಸೆ, ಅಷ್ಟೇ.

ತೊಂದರೆ ಹುಟ್ಟುವ ಜಾಗ

ಅಡ್ಡಪರಿಣಾಮಗಳಲ್ಲಿ ಎರಡು ಬಗೆ. ಚಿಕಿತ್ಸೆಯ ಎರಡನೆಯ ಮೂರನೆಯ ವಾರದಿಂದ ಶುರುವಾಗಿ, ಮುಗಿದ ಕೆಲವು ವಾರಗಳಲ್ಲಿ ಇಳಿಯುವವು ಒಂದು ಬಗೆ: ಬಾಯಿಹುಣ್ಣು, ಗಂಟಲುರಿ, ಅಂಟಂಟಾದ ಕಫ, ಸುಟ್ಟಂತಾಗುವ ಕುತ್ತಿಗೆಯ ಚರ್ಮ, ಸತ್ತುಹೋದ ರುಚಿ. ತಿಂಗಳು, ವರ್ಷಗಳ ಮೇಲೆ ನಿಲ್ಲುವವು ಅಥವಾ ಹುಟ್ಟುವವು ಇನ್ನೊಂದು ಬಗೆ: ಜೊಲ್ಲು ಬತ್ತುವುದು, ನುಂಗುವ ಸ್ನಾಯು ಗಟ್ಟಿಯಾಗುವುದು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಥೈರಾಯ್ಡ್ ಮಂದವಾಗುವುದು, ಹಲ್ಲು ಹಾಳಾಗುವುದು, ಅಪರೂಪಕ್ಕೆ ದವಡೆಯ ಮೂಳೆ ಸತ್ತು ಬಯಲಾಗುವುದು. ಚಿಕಿತ್ಸೆಯ ದಿನಗಳಲ್ಲಿ ಎಲ್ಲರಿಗೂ ಭಯ ಹುಟ್ಟಿಸುವುದು ಮೊದಲ ಬಗೆ. ಆದರೆ ಹೋಲಿಕೆ ಮಾಡುವಾಗ ತೂಗಬೇಕಾದದ್ದು ಎರಡನೆಯದನ್ನು.

ಜೊಲ್ಲು ಬತ್ತುವುದನ್ನೇ ಹತ್ತಿರದಿಂದ ನೋಡೋಣ. ಕಿವಿಯ ಕೆಳಗೆ, ದವಡೆಯ ಮೂಲೆಗೆ ಅಂಟಿಕೊಂಡಂತಿರುವ ಪ್ಯಾರೋಟಿಡ್ ಗ್ರಂಥಿ, ನಾವು ಅಗಿಯುವಾಗ ಬರುವ ನೀರಾದ ಜೊಲ್ಲನ್ನು ಕೊಡುತ್ತದೆ. ಈ ಗ್ರಂಥಿಗೆ ಸರಾಸರಿ 26 ಗ್ರೇಗಿಂತ ಕಡಿಮೆ ಬಿದ್ದರೆ ಅದು ಕಾಲಕ್ರಮೇಣ ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಅದನ್ನು ಬಹಳ ಮೀರಿದರೆ ಬತ್ತಿದ್ದು ಬತ್ತಿದಂತೆಯೇ. ಗಂಟಲಿನ ಹಿಂಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಪಟ್ಟಿಯಂತೆ ಹಬ್ಬಿರುವ ನುಂಗುವ ಸ್ನಾಯುಗಳದೂ ಇದೇ ಕತೆ. ಜೊಲ್ಲಿಲ್ಲದವರ ದಿನಚರಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ತುತ್ತಿನ ಹಿಂದೆಯೂ ಒಂದು ಗುಟುಕು ನೀರು ಬೇಕು, ಮಾತಾಡುತ್ತಿರುವಾಗ ನಾಲಿಗೆ ಅಂಗುಳಿಗೆ ಅಂಟುತ್ತದೆ, ರಾತ್ರಿ ಎರಡು ಮೂರು ಸಲ ಎದ್ದು ತಲೆದಿಂಬಿನ ಪಕ್ಕದ ಬಾಟಲಿಗೆ ಕೈ ಹೋಗುತ್ತದೆ. ಹೀಗಿರುವಾಗ ಯಾವುದೇ ಆಯ್ಕೆಯ ಮುಂದೆ ಇಡಬೇಕಾದ ಪ್ರಶ್ನೆ, ಅದು ಈ ಗ್ರಂಥಿಗೂ ಈ ಸ್ನಾಯುವಿಗೂ ಬೀಳುವ ವಿಕಿರಣವನ್ನು ಎಷ್ಟು ಇಳಿಸುತ್ತದೆ ಎಂಬುದು. ಗೆಡ್ಡೆಗೆ ಬೀಳುವುದನ್ನು ಇಳಿಸಿದರೆ ಇವಕ್ಕೆ ಬೀಳುವುದೂ ಅಷ್ಟೇ ಇಳಿಯುತ್ತದೆ ಎಂದು ತಿಳಿಯಬೇಕಾಗಿಲ್ಲ.

ಮೊದಲ ಆಯ್ಕೆ: ಒಟ್ಟು ಪ್ರಮಾಣ ಇಳಿಸುವುದು

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. 70ರ ಬದಲು 60 ಗ್ರೇ ಕೊಟ್ಟರೆ ಸಾಲದೇ? ಇದನ್ನು ಪರೀಕ್ಷಿಸಿದ ಎರಡು ಅಮೆರಿಕನ್ ಪ್ರಯೋಗಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು, ಏಕೆಂದರೆ ಮೊದಲನೆಯದನ್ನು ಮಾತ್ರ ಓದಿದವರಿಗೆ ಒಂದು ಚಿತ್ರ ಸಿಗುತ್ತದೆ, ಎರಡನ್ನೂ ಓದಿದವರಿಗೆ ಬೇರೆಯೇ ಚಿತ್ರ.

2021ರಲ್ಲಿ ಪ್ರಕಟವಾದ ಎನ್‌ಆರ್‌ಜಿ-ಎಚ್‌ಎನ್002 ಪ್ರಯೋಗದಲ್ಲಿ, ಹೆಚ್ಚು ಸಿಗರೇಟು ಸೇದದ 306 ಮಂದಿ ಪಿ16 ಪಾಸಿಟಿವ್ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ 60 ಗ್ರೇ ಮತ್ತು ವಾರಕ್ಕೊಮ್ಮೆ ಸಿಸ್ಪ್ಲಾಟಿನ್, ಉಳಿದವರಿಗೆ ಕಿಮೋ ಇಲ್ಲದೆ ತುಸು ವೇಗವಾಗಿ 60 ಗ್ರೇ ಕೊಡಲಾಯಿತು. ಎರಡು ವರ್ಷಗಳಲ್ಲಿ ರೋಗ ಮರಳದೆ ಬದುಕಿದ್ದವರು ಕಿಮೋ ಗುಂಪಿನಲ್ಲಿ ಶೇ. 90.5, ಕಿಮೋ ಇಲ್ಲದ ಗುಂಪಿನಲ್ಲಿ ಶೇ. 87.6. ಮೊದಲ ಗುಂಪು ಪ್ರಯೋಗ ನಡೆಸಿದವರು ಹಾಕಿಕೊಂಡಿದ್ದ ಮಟ್ಟವನ್ನು ದಾಟಿತು, ಎರಡನೆಯದು ದಾಟಲಿಲ್ಲ. 60 ಗ್ರೇ ಮತ್ತು ಸಿಸ್ಪ್ಲಾಟಿನ್ ಸಾಕು ಎಂಬ ಆಶಾಭಾವ ಬಲವಾಗಿದ್ದು ಇಲ್ಲಿಂದ. ಆದರೆ ಒಂದು ಕೊರತೆ ಆಗಲೇ ಕಣ್ಣೆದುರಿಗಿತ್ತು: ಈ ಪ್ರಯೋಗದಲ್ಲಿ 70 ಗ್ರೇ ಪಡೆದ ಗುಂಪೇ ಇರಲಿಲ್ಲ. ಶೇ. 90 ಒಳ್ಳೆಯ ಅಂಕಿ ಎನ್ನಬಹುದು, ಯಾವುದಕ್ಕೆ ಹೋಲಿಸಿದರೆ ಎಂದು ಕೇಳಿದರೆ ಉತ್ತರವಿರಲಿಲ್ಲ.

ಆ ಉತ್ತರ ಎನ್‌ಆರ್‌ಜಿ-ಎಚ್‌ಎನ್005ರಲ್ಲಿ ಬಂತು. ಇಲ್ಲಿ ಮೂರು ಗುಂಪು: 70 ಗ್ರೇ ಮತ್ತು ಸಿಸ್ಪ್ಲಾಟಿನ್, 60 ಗ್ರೇ ಮತ್ತು ಸಿಸ್ಪ್ಲಾಟಿನ್, 60 ಗ್ರೇ ಮತ್ತು ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವ ನಿವೋಲುಮ್ಯಾಬ್ ಎಂಬ ಔಷಧಿ. 2024ರಲ್ಲಿ ಮಂಡಿಸಿದ ಫಲಿತಾಂಶದ ಪ್ರಕಾರ ಎರಡು ವರ್ಷಗಳಲ್ಲಿ ರೋಗ ಮರಳದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 98.1, ಎರಡನೆಯದರಲ್ಲಿ ಶೇ. 88.6, ಮೂರನೆಯದರಲ್ಲಿ ಶೇ. 90.3. ಅಂದರೆ 60 ಗ್ರೇ ಹಿಂದಿನಷ್ಟೇ ಕೆಲಸ ಮಾಡಿತ್ತು. ಎಲ್ಲರ ನಿರೀಕ್ಷೆಯನ್ನು ಮೀರಿದ್ದು ಹಳೆಯ 70 ಗ್ರೇಯೇ. ಪ್ರಯೋಗ ಮುಂದಿನ ಹಂತಕ್ಕೆ ಹೋಗಲಿಲ್ಲ. ಆ ಎರಡು ವರ್ಷಗಳಲ್ಲಿ ಸಾವಿನ ಲೆಕ್ಕದಲ್ಲಿ ದೊಡ್ಡ ಅಂತರ ಕಾಣಲಿಲ್ಲ ಎಂಬುದು ನಿಜ, ಏಕೆಂದರೆ ಮರಳಿದ ರೋಗವನ್ನು ಮತ್ತೆ ಚಿಕಿತ್ಸೆಯಿಂದ ಹಿಡಿಯಬಹುದು. ಆದರೆ ಆ ಎರಡನೆಯ ಸುತ್ತಿನಲ್ಲಿ ಕತ್ತಿನ ದೊಡ್ಡ ಶಸ್ತ್ರಚಿಕಿತ್ಸೆಯೋ ಮರುವಿಕಿರಣವೋ ಬೇಕಾದರೆ, ಯಾವ ಅಡ್ಡಪರಿಣಾಮ ತಪ್ಪಿಸಲು ಹೊರಟಿದ್ದೆವೋ ಅದರ ಹಲವು ಪಟ್ಟು ಒಟ್ಟಿಗೇ ಬಂದುಬೀಳುತ್ತದೆ.

ಎಚ್‌ಎನ್002ರ ಇನ್ನೊಂದು ಅಂಕಿ ಸಾಕಷ್ಟು ಗಮನ ಪಡೆಯಲಿಲ್ಲ. ಚಿಕಿತ್ಸೆಯ ದಿನಗಳ ತೀವ್ರ ತೊಂದರೆ ಕಿಮೋ ಇದ್ದವರಲ್ಲಿ ಶೇ. 79.6, ಇಲ್ಲದವರಲ್ಲಿ ಶೇ. 52.4; ಇದು ದೊಡ್ಡ ಅಂತರ. ನಂತರದ ದಿನಗಳ ತೀವ್ರ ತೊಂದರೆ ಮಾತ್ರ ಶೇ. 21.3 ಮತ್ತು ಶೇ. 18.1. ಚಿಕಿತ್ಸೆ ಹಗುರಾಗಿದೆ ಎಂದು ಆ ಕೆಲವು ವಾರಗಳಲ್ಲಿ ಅನ್ನಿಸಿದ್ದು ವರ್ಷಗಳ ಮೇಲಿನ ಬಾಳಿಗೆ ಅದೇ ಪ್ರಮಾಣದಲ್ಲಿ ಇಳಿದು ಬರುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಇನ್ನೂ ಧೈರ್ಯದ ದಾರಿಯೊಂದಿದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ, ಮೂಲ ಗೆಡ್ಡೆಯನ್ನು ಮೊದಲು ಶಸ್ತ್ರಚಿಕಿತ್ಸೆಯಿಂದ ತೆಗೆದು, ಕತ್ತಿನ ಗಂಟುಗಳಲ್ಲಿ ಆಮ್ಲಜನಕದ ಕೊರತೆ ಇದೆಯೇ ಎಂದು ವಿಶೇಷ ಪೆಟ್ ಸ್ಕ್ಯಾನಿನಲ್ಲಿ ನೋಡಿದರು. ಆಮ್ಲಜನಕ ಕಡಿಮೆ ಇರುವ ಜೀವಕೋಶಗಳು ವಿಕಿರಣಕ್ಕೆ ಬಗ್ಗುವುದಿಲ್ಲ. ಆ ಕೊರತೆ ಇಲ್ಲದವರಿಗೆ, ಅಥವಾ ಚಿಕಿತ್ಸೆಯ ಆರಂಭದಲ್ಲೇ ನೀಗಿದವರಿಗೆ, ಕಿಮೋ ಜೊತೆಗೆ ಕೇವಲ 30 ಗ್ರೇ ಕೊಟ್ಟರು. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 30 ಗ್ರೇ ಪಡೆದ 128 ಮಂದಿಯಲ್ಲಿ ಎರಡು ವರ್ಷಗಳ ಹೊತ್ತಿಗೆ ಗಂಟಲು ಮತ್ತು ಕತ್ತಿನಲ್ಲಿ ರೋಗ ಹತೋಟಿಯಲ್ಲಿದ್ದವರು ಶೇ. 94.7. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ ಗೆಡ್ಡೆಯ ಸ್ವಭಾವ ನೋಡಿ ಇಳಿಸುವ ಈ ಯೋಚನೆ ನನಗೆ ಬಹಳ ಹಿಡಿಸಿದೆ. ಆದರೂ ಒಂದೇ ಕೇಂದ್ರದ, ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿ ಹಂಚಿ 70 ಗ್ರೇಯೊಂದಿಗೆ ಹೋಲಿಸದ ಫಲಿತಾಂಶ ಇದು. ಎಚ್‌ಎನ್002 ಕಲಿಸಿದ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಪ್ರಯೋಗದ ಹೊರಗೆ, ಆ ಸ್ಕ್ಯಾನೇ ಇಲ್ಲದ ಜಾಗದಲ್ಲಿ, ಯಾರಾದರೂ 30 ಗ್ರೇ ಸಾಕು ಎಂದರೆ ಒಪ್ಪಬಾರದು.

ಎರಡನೆಯ ಆಯ್ಕೆ: ಕಿಮೋ ಬದಲಿಸುವುದು, ಬಿಡುವುದು

ಸಿಸ್ಪ್ಲಾಟಿನ್ ಕಿವಿ, ಮೂತ್ರಪಿಂಡ ಮತ್ತು ನರಗಳಿಗೆ ಪೆಟ್ಟು ಕೊಡುವ ಔಷಧಿ. ಅದರ ಬದಲು ಸೆಟುಕ್ಸಿಮ್ಯಾಬ್ ಎಂಬ, ಹೆಚ್ಚು ಮೃದುವೆಂದು ನಂಬಲಾಗಿದ್ದ ಔಷಧಿ ಕೊಟ್ಟರೆ ಹೇಗೆ ಎಂದು ಎರಡು ದೊಡ್ಡ ಪ್ರಯೋಗಗಳು ಕೇಳಿದವು, ಎರಡರಿಂದಲೂ ಬಂದ ಉತ್ತರ ಕಹಿಯಾಗಿತ್ತು. ಅಮೆರಿಕದ ಆರ್‌ಟಿಒಜಿ 1016ರಲ್ಲಿ ಐದು ವರ್ಷ ಬದುಕಿದ್ದವರು ಸಿಸ್ಪ್ಲಾಟಿನ್ ಗುಂಪಿನಲ್ಲಿ ಶೇ. 84.6, ಸೆಟುಕ್ಸಿಮ್ಯಾಬ್ ಗುಂಪಿನಲ್ಲಿ ಶೇ. 77.9. ಯೂರೋಪಿನಲ್ಲಿ 334 ರೋಗಿಗಳ ಮೇಲೆ ನಡೆದ ಡಿ-ಎಸ್ಕಲೇಟ್ ಪ್ರಯೋಗದಲ್ಲಿ ಎರಡು ವರ್ಷಗಳ ಹೊತ್ತಿಗೇ ಶೇ. 97.5 ಮತ್ತು ಶೇ. 89.4. ಇನ್ನೂ ವಿಚಿತ್ರವೆಂದರೆ, ಎರಡನೆಯ ಪ್ರಯೋಗದಲ್ಲಿ ಒಬ್ಬ ರೋಗಿಗೆ ಸರಾಸರಿ ಎಷ್ಟು ತೀವ್ರ ತೊಂದರೆಗಳಾದವು ಎಂದು ಎಣಿಸಿದಾಗ ಎರಡೂ ಗುಂಪಿನಲ್ಲಿ 4.8 ಬಂತು. ಮೃದು ಎಂದುಕೊಂಡದ್ದು ಮೃದುವಾಗಿರಲಿಲ್ಲ, ಅದರ ಪೆಟ್ಟು ಬೇರೆ ರೂಪದ್ದಾಗಿತ್ತು. ಹೀಗಾಗಿ ಸಿಸ್ಪ್ಲಾಟಿನ್ ತಡೆದುಕೊಳ್ಳಬಲ್ಲವರಿಗೆ ಈ ಬದಲಾವಣೆ ಆಯ್ಕೆಯೇ ಅಲ್ಲ.

ಕಿಮೋ ಪೂರ್ತಿ ಬಿಡಬಹುದಾದ ಸಂದರ್ಭಗಳಿವೆ. ಗೆಡ್ಡೆ ಚಿಕ್ಕದಾಗಿದ್ದು, ಕತ್ತಿನಲ್ಲಿ ಗಂಟು ಇಲ್ಲದಿದ್ದರೆ ಅಥವಾ ಒಂದೇ ಒಂದು ಸಣ್ಣ ಗಂಟು ಇದ್ದರೆ ಪೂರ್ಣ ಪ್ರಮಾಣದ ವಿಕಿರಣ ಮಾತ್ರವೇ ಸಾಕಾಗಬಹುದು. ಇದು ಹೊಸ ಪ್ರಯೋಗವೇನಲ್ಲ, ರೂಢಿಯ ಚಿಕಿತ್ಸೆಯ ಭಾಗವೇ. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ತಲೆ ಮತ್ತು ಕತ್ತಿನ ಕ್ಯಾನ್ಸರುಗಳಲ್ಲಿ ವಿಕಿರಣದೊಂದಿಗೆ ಕಿಮೋ ಸೇರಿಸುವುದರಿಂದ ಐದು ವರ್ಷ ಬದುಕುವವರ ಪ್ರಮಾಣ ನೂರಕ್ಕೆ ಆರೇಳರಷ್ಟು ಹೆಚ್ಚುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿದೆ, ಆದರೆ ವಯಸ್ಸು ಏರಿದಂತೆ ಆ ಲಾಭ ಕರಗುತ್ತ ಹೋಗಿ ಎಪ್ಪತ್ತರ ನಂತರ ಗುರುತಿಸುವುದೇ ಕಷ್ಟವಾಗುತ್ತದೆ. ಎಪ್ಪತ್ತೈದು ದಾಟಿದವರಿಗೆ, ಮೊದಲೇ ಕಿವಿ ಮಂದವಾದವರಿಗೆ, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಕಿಮೋ ಬಿಟ್ಟು ಪೂರ್ಣ ವಿಕಿರಣ ಕೊಡುವುದು, ಎರಡನ್ನೂ ಅರ್ಧರ್ಧ ಕೊಡುವುದಕ್ಕಿಂತ ಒಳ್ಳೆಯದೆಂದೇ ನನ್ನ ಎಣಿಕೆ.

ಮೂರನೆಯ ಆಯ್ಕೆ: ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಕಡಿಮೆ ವಿಕಿರಣ

ಬಾಯಿಯ ಮೂಲಕವೇ ರೋಬಾಟ್ ತೋಳುಗಳನ್ನು ಇಳಿಸಿ ಟಾನ್ಸಿಲ್ ಅಥವಾ ನಾಲಿಗೆಯ ಬುಡದ ಗೆಡ್ಡೆಯನ್ನು ತೆಗೆಯುವುದು ಈಗ ಸಾಧ್ಯ. ತೆಗೆದ ಗೆಡ್ಡೆ ಮತ್ತು ಗಂಟುಗಳು ಪ್ರಯೋಗಾಲಯಕ್ಕೆ ಹೋಗುವುದರಿಂದ, ಸ್ಕ್ಯಾನಿನಲ್ಲಿ ಊಹಿಸಿದ್ದನ್ನು ಸೂಕ್ಷ್ಮದರ್ಶಕದಡಿ ಕಂಡು ಆಮೇಲೆ ವಿಕಿರಣದ ಪ್ರಮಾಣ ನಿಗದಿ ಮಾಡಬಹುದು. ಇದೇ ಈ ದಾರಿಯ ದೊಡ್ಡ ಲಾಭ. ಅಮೆರಿಕದ ಇ3311 ಪ್ರಯೋಗದಲ್ಲಿ ಮಧ್ಯಮ ಅಪಾಯದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ನಂತರ 50 ಅಥವಾ 60 ಗ್ರೇ ಕೊಟ್ಟಾಗ, ಎರಡು ವರ್ಷಗಳಲ್ಲಿ ರೋಗ ಮರಳದೆ ಬದುಕಿದ್ದವರು ಕ್ರಮವಾಗಿ ಶೇ. 94.9 ಮತ್ತು ಶೇ. 96. ಶಸ್ತ್ರಚಿಕಿತ್ಸೆಯ ನಂತರ, ಸರಿಯಾಗಿ ಆರಿಸಿದವರಲ್ಲಿ, 50 ಗ್ರೇ ಸಾಕಾಗಬಹುದು ಎಂಬುದಕ್ಕೆ ಇದು ಗಟ್ಟಿ ಸೂಚನೆ.

ಆದರೆ ಶಸ್ತ್ರಚಿಕಿತ್ಸೆಯೂ ಒಂದು ಪೆಟ್ಟೇ. ಕೆನಡಾದ ನೇತೃತ್ವದಲ್ಲಿ 68 ರೋಗಿಗಳ ಮೇಲೆ ನಡೆದ ಒರೇಟರ್ ಪ್ರಯೋಗದಲ್ಲಿ, ಒಂದು ವರ್ಷದ ನಂತರ ನುಂಗುವಿಕೆಯ ಅಂಕ (ಹೆಚ್ಚಿದ್ದಷ್ಟೂ ಒಳ್ಳೆಯದು) ವಿಕಿರಣ ಗುಂಪಿನಲ್ಲಿ 86.9, ಶಸ್ತ್ರಚಿಕಿತ್ಸೆ ಗುಂಪಿನಲ್ಲಿ 80.1 ಇತ್ತು. ಅಂತರ ರೋಗಿಯ ಅನುಭವಕ್ಕೆ ಬರುವಷ್ಟು ದೊಡ್ಡದಲ್ಲ, ಆದರೆ ಶಸ್ತ್ರಚಿಕಿತ್ಸೆಯಿಂದ ನುಂಗುವಿಕೆ ಉಳಿಯುತ್ತದೆ ಎಂಬ ನಂಬಿಕೆಗೆ ಅದು ಬೆಂಬಲವನ್ನಂತೂ ಕೊಡಲಿಲ್ಲ. ಮುಂದಿನ ಒರೇಟರ್ 2 ಪ್ರಯೋಗವನ್ನು 61 ರೋಗಿಗಳಿಗೇ ನಿಲ್ಲಿಸಬೇಕಾಯಿತು. ಶಸ್ತ್ರಚಿಕಿತ್ಸೆ ಗುಂಪಿನಲ್ಲಿ ಚಿಕಿತ್ಸೆಗೆ ಸಂಬಂಧಿಸಿದ ಎರಡು ಸಾವುಗಳಾದದ್ದು ಅದಕ್ಕೆ ಕಾರಣ. ಮೇಯೋ ಕ್ಲಿನಿಕ್‌ನವರು ಶಸ್ತ್ರಚಿಕಿತ್ಸೆಯ ನಂತರ ಎರಡೇ ವಾರಗಳಲ್ಲಿ 30ರಿಂದ 36 ಗ್ರೇ ಕೊಟ್ಟು ನೋಡಿದಾಗ ಅಡ್ಡಪರಿಣಾಮ ನಿಜಕ್ಕೂ ಇಳಿಯಿತು, ಆದರೆ ಕ್ಯಾನ್ಸರ್ ಗಂಟಿನ ಹೊರಕವಚವನ್ನು ಒಡೆದು ಹೊರಬಂದಿದ್ದವರಲ್ಲಿ ರೋಗ ಹೆಚ್ಚಾಗಿ ಮರಳಿತು.

ಈ ದಾರಿ ಹಿಡಿಯುವ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಶಸ್ತ್ರಚಿಕಿತ್ಸೆಯ ಮೇಲೂ ನನಗೆ ವಿಕಿರಣ ಮತ್ತು ಕಿಮೋ ಎರಡೂ ಬೇಕಾಗುವ ಸಂಭವ ಎಷ್ಟು? ಸ್ಕ್ಯಾನಿನಲ್ಲೇ ಗಂಟಿನ ಅಂಚು ಮಸುಕಾಗಿದ್ದು, ರೋಗ ಹೊರಬಂದಿರುವ ಅನುಮಾನವಿದ್ದರೆ, ಮೂರೂ ಚಿಕಿತ್ಸೆಗಳು ಒಂದೇ ಗಂಟಲಿನ ಮೇಲೆ ಬೀಳುತ್ತವೆ. ಆಗ ತಗ್ಗಿಸಲು ಹೊರಟದ್ದು ಹೆಚ್ಚಿಸಿದಂತಾಗುತ್ತದೆ.

ನಾಲ್ಕನೆಯ ಆಯ್ಕೆ: ಪ್ರಮಾಣ ಅಷ್ಟೇ, ಜಾಗ ಕಿರಿದು

ಸುದ್ದಿಯಾಗದ, ಆದರೆ ಈವರೆಗೆ ರೋಗಿಗಳಿಗೆ ಅತ್ಯಂತ ಹೆಚ್ಚು ನೆಮ್ಮದಿ ಕೊಟ್ಟಿರುವ ದಾರಿ ಇದು. ಗೆಡ್ಡೆಗೆ ಕೊಡುವ ವಿಕಿರಣದಲ್ಲಿ ರಾಜಿ ಇಲ್ಲ. ಸುತ್ತಲಿನ ಗ್ರಂಥಿ, ಸ್ನಾಯುಗಳಿಗೆ ತಾಗುವುದನ್ನು ಮಾತ್ರ ತಪ್ಪಿಸುವುದು.

ಐಎಂಆರ್‌ಟಿ ಎಂಬ ತಂತ್ರದಲ್ಲಿ ಕಿರಣಗಳ ಬಲವನ್ನು ಹಲವು ದಿಕ್ಕುಗಳಿಂದ ಹೊಂದಿಸಿ ಗೆಡ್ಡೆಯ ಆಕಾರಕ್ಕೆ ಅಚ್ಚು ಕಟ್ಟಿದಂತೆ ಕೊಡಬಹುದು. ಬ್ರಿಟನ್ನಿನ 94 ರೋಗಿಗಳ ಪಾರ್‌ಸ್ಪೋರ್ಟ್ ಪ್ರಯೋಗ 2011ರಲ್ಲಿ ಪ್ರಕಟವಾದಾಗ, ಒಂದು ವರ್ಷದ ನಂತರ ಬಾಯಿ ಒಣಗುವ ತೊಂದರೆ ಗಮನಾರ್ಹವಾಗಿ ಉಳಿದಿದ್ದವರು ಹಳೆಯ ತಂತ್ರದಲ್ಲಿ ಶೇ. 74, ಐಎಂಆರ್‌ಟಿಯಲ್ಲಿ ಶೇ. 38. 60 ಗ್ರೇಯ ಯಾವ ಪ್ರಯೋಗವೂ ಇಷ್ಟು ದೊಡ್ಡ ಅಂತರ ತೋರಿಸಿಲ್ಲ. ಅದೇ ತಂಡದ ಮುಂದಿನ ಹೆಜ್ಜೆ, ಬ್ರಿಟನ್ ಮತ್ತು ಐರ್ಲೆಂಡಿನ 112 ರೋಗಿಗಳ ಡಾರ್ಸ್ ಪ್ರಯೋಗ, 2023ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನವರಿಗೆ ಗೆಡ್ಡೆಗೆ 65 ಗ್ರೇ, 30 ಕಂತುಗಳಲ್ಲಿ. ಒಂದು ಗುಂಪಿನಲ್ಲಿ ಮಾತ್ರ, ಗೆಡ್ಡೆಯ ಹೊರಗಿರುವ ನುಂಗುವ ಸ್ನಾಯುಗಳಿಗೆ ಬೀಳುವ ಸರಾಸರಿಯನ್ನು 50 ಗ್ರೇಗಿಂತ ಕೆಳಗಿಡುವ ಯತ್ನ. ಒಂದು ವರ್ಷದ ನಂತರ ನುಂಗುವಿಕೆಯ ಅಂಕ ಆ ಗುಂಪಿನಲ್ಲಿ 77.7, ಇನ್ನೊಂದರಲ್ಲಿ 70.6. ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಔಷಧಿ ಬೇಕಾಗಲಿಲ್ಲ; ಯೋಜನೆ ಹಾಕುವವರು ಸ್ಕ್ಯಾನಿನ ಪ್ರತಿ ಸೀಳಿನಲ್ಲೂ ಆ ಸ್ನಾಯುವನ್ನು ಗುರುತಿಸಿ ಗೆರೆ ಎಳೆಯುವ ಶ್ರಮ ಬೇಕಾಯಿತು. ಗೆಡ್ಡೆಯೇ ಗಂಟಲಿನ ಹಿಂಗೋಡೆಯಲ್ಲಿದ್ದರೆ ಈ ಉಪಾಯ ನಡೆಯುವುದಿಲ್ಲ, ಉಳಿಸಬೇಕಾದ ಸ್ನಾಯುವೇ ರೋಗದ ಮನೆಯಾಗಿರುತ್ತದೆ.

ಇನ್ನೊಂದು ಬಗೆಯ ಕಿರಿದಾಗಿಸುವಿಕೆ ಕತ್ತಿಗೆ ಸಂಬಂಧಿಸಿದ್ದು. ಕಣ್ಣಿಗೆ ಕಾಣದ ರೋಗ ಇರಬಹುದೆಂಬ ಅನುಮಾನದ ಮೇಲೆ ಕತ್ತಿನ ಎರಡೂ ಬದಿಗೆ ವಿಕಿರಣ ಕೊಡುವುದು ರೂಢಿ. ಆದರೆ ಟಾನ್ಸಿಲ್‌ನ ಚಿಕ್ಕ ಗೆಡ್ಡೆ ಒಂದೇ ಬದಿಗೆ ಸೀಮಿತವಾಗಿದ್ದು, ನಾಲಿಗೆಯ ಬುಡಕ್ಕಾಗಲಿ ಅಂಗುಳಿಗಾಗಲಿ ಹೆಚ್ಚು ಹಬ್ಬದಿದ್ದರೆ ಆ ಬದಿಗೆ ಮಾತ್ರ ಕೊಡಬಹುದು. ಟೊರಾಂಟೋದ ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆಯಲ್ಲಿ ಹೀಗೆ ಒಂದೇ ಬದಿಗೆ ಚಿಕಿತ್ಸೆ ಪಡೆದ 228 ರೋಗಿಗಳ ದಾಖಲೆ 2001ರಲ್ಲಿ ಪ್ರಕಟವಾಯಿತು. ಬಿಟ್ಟ ಬದಿಯಲ್ಲಿ ರೋಗ ಕಾಣಿಸಿದ್ದು ಶೇ. 3.5ರಷ್ಟು ಮಂದಿಯಲ್ಲಿ. ಪ್ರತಿಯಾಗಿ ದಕ್ಕಿದ್ದು ಎದುರು ಬದಿಯ ಇಡೀ ಪ್ಯಾರೋಟಿಡ್ ಗ್ರಂಥಿ. ನಾಲಿಗೆಯ ಬುಡದ ಗೆಡ್ಡೆಗೆ, ನಡುಗೆರೆ ಮುಟ್ಟಿದ ಗೆಡ್ಡೆಗೆ ಇದು ಸಲ್ಲದು.

ಪ್ರೋಟಾನ್ ಚಿಕಿತ್ಸೆಯೂ ಜಾಗ ಕಿರಿದಾಗಿಸುವ ಒಂದು ಉಪಾಯವೇ. ಪ್ರೋಟಾನ್ ಕಿರಣ ಗೆಡ್ಡೆಯನ್ನು ದಾಟಿ ಮುಂದೆ ಹೋಗದೆ ನಿಲ್ಲುತ್ತದೆ. ಅಮೆರಿಕದಲ್ಲಿ 440 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ರೋಗದ ಹತೋಟಿ ಐಎಂಆರ್‌ಟಿಗೆ ಸಮನಾಗಿತ್ತು, ಆಹಾರ ನಳಿಕೆ ಬೇಕಾದವರು ಕಡಿಮೆಯಿದ್ದರು. ಬ್ರಿಟನ್ನಿನ ಟಾರ್ಪೀಡೋ ಪ್ರಯೋಗದಲ್ಲಿ ಒಂದು ವರ್ಷದ ನಂತರ ಅಂಥ ಅಂತರ ಕಾಣಲಿಲ್ಲ. ಹತ್ತಿರದಲ್ಲಿ ಸೌಲಭ್ಯವಿದ್ದು ಕೈಗೆಟುಕುವಂತಿದ್ದರೆ ಒಳ್ಳೆಯದೇ. ಅದಕ್ಕಾಗಿ ಚಿಕಿತ್ಸೆ ತಡಮಾಡುವುದಾಗಲಿ, ಸಾಲದ ಹೊರೆ ಹೊರುವುದಾಗಲಿ ಬೇಕಿಲ್ಲ. ನುರಿತ ಕೈಯ ಐಎಂಆರ್‌ಟಿ ಅಷ್ಟೇನೂ ಹಿಂದಿಲ್ಲ.

ಯಾರಿಗೆ ಯಾವುದು

ಎಚ್‌ಪಿವಿಯಿಂದ ಬಂದ, ಸಿಗರೇಟಿನ ಹಿನ್ನೆಲೆ ಕಡಿಮೆಯಿರುವ, ಕತ್ತಿನ ಒಂದು ಬದಿಯಲ್ಲಷ್ಟೇ ಗಂಟು ಇರುವ ರೋಗಿಗೆ ಇಂದಿನ ಸ್ಥಿತಿಯಲ್ಲಿ ಉತ್ತಮ ಆಯ್ಕೆ, ನನ್ನ ಅಭಿಪ್ರಾಯದಲ್ಲಿ, ಗೆಡ್ಡೆಗೆ ಪೂರ್ಣ ಪ್ರಮಾಣ ಮತ್ತು ಜಾಗದಲ್ಲಿ ಸಾಧ್ಯವಾದಷ್ಟು ಜಿಪುಣತನ. 60 ಗ್ರೇ ಬೇಕೆನ್ನುವವರು ಅದನ್ನು ಪ್ರಯೋಗದ ಚೌಕಟ್ಟಿನೊಳಗೆ, ಅಂದರೆ ಒಪ್ಪಿಗೆ ಪತ್ರ, ಬಿಗಿಯಾದ ತಪಾಸಣೆ, ರೋಗ ಮರಳಿದರೆ ಮುಂದೇನೆಂಬ ಯೋಜನೆ ಇರುವಲ್ಲಿ ಪಡೆಯುವುದು ಮೇಲು. ಚಿಕ್ಕ ಗೆಡ್ಡೆ, ಸ್ವಚ್ಛವಾಗಿ ತೆಗೆಯಬಹುದಾದ ಜಾಗ, ಸ್ಕ್ಯಾನಿನಲ್ಲಿ ಅನುಮಾನವಿಲ್ಲದ ಗಂಟು, ಜೊತೆಗೆ ಇಂಥ ಶಸ್ತ್ರಚಿಕಿತ್ಸೆಗಳನ್ನು ಮೇಲಿಂದ ಮೇಲೆ ಮಾಡುವ ತಂಡ ಇದ್ದರೆ ಶಸ್ತ್ರಚಿಕಿತ್ಸೆ ಮತ್ತು 50 ಗ್ರೇ ಯೋಗ್ಯ ದಾರಿ. ಹೆಚ್ಚು ಸೇದಿದವರು, ಎಚ್‌ಪಿವಿ ಇಲ್ಲದವರು, ಧ್ವನಿಪೆಟ್ಟಿಗೆ ಮತ್ತು ಕೆಳಗಂಟಲಿನ ರೋಗಿಗಳು ನಾಲ್ಕನೆಯ ಆಯ್ಕೆಯನ್ನಷ್ಟೇ ಕೇಳಬೇಕು, ಆದರೆ ಅದನ್ನು ಕೇಳದೆ ಬಿಡಬಾರದು.

ಕೇಳುವುದು ಹೇಗೆ ಎಂದರೆ, ಯೋಜನೆಯನ್ನು ಪರದೆಯ ಮೇಲೆ ತೋರಿಸಲು ಹೇಳಬಹುದು. ಬೂದುಬಣ್ಣದ ಸ್ಕ್ಯಾನಿನ ಮೇಲೆ ಗೆಡ್ಡೆ ಒಂದು ಬಣ್ಣದಲ್ಲಿ, ಪ್ಯಾರೋಟಿಡ್ ಇನ್ನೊಂದರಲ್ಲಿ, ನುಂಗುವ ಸ್ನಾಯು ಮತ್ತೊಂದರಲ್ಲಿ ಕಾಣುತ್ತವೆ. ಸುತ್ತ ನಕಾಶೆಯ ಎತ್ತರದ ಗೆರೆಗಳಂತೆ 70, 60, 50, 30 ಗ್ರೇಯ ವಲಯಗಳಿರುತ್ತವೆ. ಎದುರು ಬದಿಯ ಪ್ಯಾರೋಟಿಡ್‌ಗೆ ಸರಾಸರಿ ಎಷ್ಟು, ನುಂಗುವ ಸ್ನಾಯುವಿಗೆ ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಬರೆದುಕೊಂಡರೆ ಸಾಕು. ಸ್ನಾಯುವನ್ನು ಗುರುತಿಸಿಯೇ ಇಲ್ಲ ಎಂಬ ಉತ್ತರ ಬಂದರೆ, ಅದನ್ನು ಗುರುತಿಸಲು ಸಾಧ್ಯವೇ ಎಂದು ಆಗಲೇ ವಿನಂತಿಸಬಹುದು. ಚಿಕಿತ್ಸೆ ಆರಂಭವಾಗುವ ಮುನ್ನ ಹಲ್ಲಿನ ವೈದ್ಯರನ್ನೂ ನುಂಗುವಿಕೆಯ ತರಬೇತಿ ಕೊಡುವ ಥೆರಪಿಸ್ಟ್ ಅವರನ್ನೂ ಕಾಣುವುದು, ಹುಣ್ಣಿನ ವಾರಗಳಲ್ಲೂ ದಿನಕ್ಕೆ ನಾಲ್ಕು ಗುಟುಕನ್ನಾದರೂ ಬಾಯಿಂದಲೇ ನುಂಗುತ್ತಿರುವುದು, ಇವು ಯಾವ ಆಯ್ಕೆ ಆರಿಸಿದರೂ ಸೇರಿಕೊಳ್ಳುವ ಕೆಲಸಗಳು.

ಅರಿವಿಲ್ಲದೆ ಆಗುವ ಕಡಿತ

ಇಷ್ಟೆಲ್ಲ ತೂಗಿ ಆರಿಸಿದ ಮೇಲೆ, ಯಾರೂ ಆರಿಸದ ಐದನೆಯ ಬಗೆಯ ಕಡಿತವೊಂದು ಸದ್ದಿಲ್ಲದೆ ನುಸುಳುತ್ತದೆ: ಸಿಟ್ಟಿಂಗ್ ತಪ್ಪುವುದು. ನಾಲ್ಕನೆಯ ವಾರ ಗಂಟಲು ಉರಿಯುವಾಗ ಎರಡು ದಿನ ಸುಧಾರಿಸಿಕೊಂಡು ಹೋಗೋಣ ಅನ್ನಿಸುವುದು ಸಹಜ. ಆದರೆ ಆ ಬಿಡುವಿನಲ್ಲಿ ಗೆಡ್ಡೆಯ ಜೀವಕೋಶಗಳೂ ಸುಧಾರಿಸಿಕೊಳ್ಳುತ್ತವೆ. ಡೆನ್ಮಾರ್ಕಿನಲ್ಲಿ 1,476 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಟ್ಟು ಪ್ರಮಾಣ ಅಷ್ಟೇ ಇಟ್ಟು ವಾರಕ್ಕೆ ಐದರ ಬದಲು ಆರು ಕಂತು ಕೊಟ್ಟಾಗ ಐದು ವರ್ಷಗಳ ಹತೋಟಿ ಶೇ. 60ರಿಂದ ಶೇ. 70ಕ್ಕೆ ಏರಿತು. ಒಂದು ವಾರ ಬೇಗ ಮುಗಿಸಿದ್ದಕ್ಕೆ ಸಿಕ್ಕ ಲಾಭ ಅದು. ಒಂದು ವಾರ ತಡವಾದರೆ ಆಗುವ ನಷ್ಟವನ್ನು ಅದರಿಂದ ಅಂದಾಜು ಮಾಡಿಕೊಳ್ಳಬಹುದು. ಹೀಗಾಗಿ ಯಂತ್ರ ಕೆಟ್ಟೋ, ರಜೆ ಬಂದೋ, ಜ್ವರ ಬಂದೋ ಒಂದು ಕಂತು ತಪ್ಪಿದರೆ ಅದನ್ನು ಕೊನೆಗೆ ಸೇರಿಸುತ್ತೀರೋ, ಅದೇ ವಾರದ ಶನಿವಾರ ಕೊಡುತ್ತೀರೋ, ಇಲ್ಲ ಒಂದೇ ದಿನ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಕಂತು ಕೊಟ್ಟು ಸರಿದೂಗಿಸುತ್ತೀರೋ ಎಂದು ಮೊದಲ ದಿನವೇ, ಮುಖದ ಮಾಸ್ಕ್ ಅಚ್ಚು ತೆಗೆಯುವ ಹೊತ್ತಿಗೇ, ಕೇಳಿ ತಿಳಿದುಕೊಂಡಿರಬೇಕು.